ಮೂವತ್ತು ಲಕ್ಷದ ಬಂಡಿ, ನೂರಿಪ್ಪತ್ತು ಮೀಟರಿನ ದಾರಿ

ಆಟಿ ತಿಂಗಳ ಒಂದು ಇರುಳು. ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ಡಾಮರು ರಸ್ತೆಯನ್ನು ಬಿಟ್ಟು ಗುಡ್ಡದ ಬದಿಗೆ ಸರಿದರೆ ಸಿಗುವ ಮನೆಯೊಂದರಲ್ಲಿ ಎಪ್ಪತ್ತೆಂಟರ ಅಜ್ಜಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಫೋನು ಮಾಡಿದ ಹತ್ತೇ ನಿಮಿಷದಲ್ಲಿ ಬಾಡಿಗೆ ಜೀಪು ಬಂತು. ಆದರೆ ಮನೆಯವರೆಗೆ ಬರಲಿಲ್ಲ. ಮುರಕಲ್ಲಿನ ಏರಿನಲ್ಲಿ ಪಾಚಿ ಹಿಡಿದಿತ್ತು, ನಡುವೆ ನೀರು ಹರಿದು ಮೊಣಕಾಲುದ್ದದ ಕೊರಕಲು ಬಿದ್ದಿತ್ತು. ನೆರೆಮನೆಗಳ ನಾಲ್ವರು ಓಡಿ ಬಂದರು. ಅಜ್ಜಿಯನ್ನು ಮರದ ಕುರ್ಚಿಯಲ್ಲಿ ಕುಳ್ಳಿರಿಸಿ, ಕುರ್ಚಿಗೆ ಸೀರೆಯಿಂದ ಬಿಗಿದು, ಒಬ್ಬರು ಕೊಡೆ ಹಿಡಿದು, ಇನ್ನೊಬ್ಬರು ಟಾರ್ಚು ತೋರಿಸಿ, ನೂರಿಪ್ಪತ್ತು ಮೀಟರು ಇಳಿಸಿದರು. ಅಜ್ಜಿ ಬದುಕಿದರು. ಒಂದು ವಾರದ ಮೇಲೆ ಅದೇ ಕುರ್ಚಿಯಲ್ಲಿ ಅದೇ ದಾರಿಯಾಗಿ ಮನೆಗೆ ಏರಿ ಬಂದರು.

ಈ ಮನೆಗೆ ಹೆಸರು ಬೇಕಾಗಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಪೈವಳಿಕೆ ಎಂದು ಎಲ್ಲಿ ಬೇಕಾದರೂ ಇಂಥ ಮನೆಯನ್ನು ಇರಿಸಿಕೊಳ್ಳಬಹುದು. ಮೂರು ಎಕರೆ ಅಡಿಕೆ ತೋಟ, ಹಟ್ಟಿಯಲ್ಲಿ ಎರಡು ದನ, ಡಾಮರು ರಸ್ತೆಯ ಬದಿಯ ಶೆಡ್ಡಿನಲ್ಲಿ ನಿಲ್ಲುವ ಹಳೆಯ ಸಣ್ಣ ಕಾರು, ಪ್ಲಸ್ ಟು ಓದುವ ಮಗಳು, ಒಂಬತ್ತನೆಯ ತರಗತಿಯ ಮಗ. ಇಬ್ಬರದೂ ಕನ್ನಡ ಮಾಧ್ಯಮ. ಆ ರಾತ್ರಿಯ ಬಳಿಕ ಮನೆಯ ಯಜಮಾನನ ಮನಸ್ಸಿನಲ್ಲಿ ಒಂದು ಬಂಡಿ ಬಂದು ನಿಂತಿತು. ನಾಲ್ಕೂ ಚಕ್ರಗಳಿಗೆ ಬಲ ಹರಿಯುವ, ಎದುರು ಐವರು ಕುಳಿತು ಹಿಂದೆ ಸಾಮಾನು ಹೇರಬಹುದಾದ, ಎಂಥ ಏರನ್ನೂ ಹತ್ತುವ ಪಿಕಪ್. ದೀಪಾವಳಿಗೆ ಬಂದ ಜಾಹೀರಾತು ಆ ಆಸೆಗೆ ಎಣ್ಣೆ ಹೊಯ್ದಿತು. "ಈ ಸಲ ತೆಗೆಯುವುದೇ. ಅಜ್ಜಿಯನ್ನು ಇನ್ನೊಮ್ಮೆ ಹೊತ್ತುಕೊಂಡು ಇಳಿಸುವ ಹಾಗೆ ಆಗಬಾರದು" ಎಂದು ಆತ ಊಟದ ಹೊತ್ತಿನಲ್ಲಿ ಹೇಳಿದಾಗ ಯಾರೂ ಎದುರಾಡಲಿಲ್ಲ. ಆ ಮಾತಿನಲ್ಲಿ ಪ್ರತಿಷ್ಠೆಯ ಹಂಬಲಕ್ಕಿಂತ ಭಯವೇ ಹೆಚ್ಚಿತ್ತು. ಆದುದರಿಂದಲೇ ಆ ಮಾತನ್ನು ಲೆಕ್ಕ ಮಾಡಿ ನೋಡುವುದು ಅಗತ್ಯವಾಯಿತು. ಭಯದಲ್ಲಿ ಮಾಡಿದ ಖರೀದಿಗೆ ಬೆಲೆಯ ಹಂಗಿರುವುದಿಲ್ಲ.

ಮೊದಲು ಬಂಡಿಯ ಪರಿಚಯವಾಗಲಿ. ಭಾರತದಲ್ಲಿ ಈ ವರ್ಗದಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು ಎರಡು. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ 2016ರಲ್ಲಿ ಮಾರುಕಟ್ಟೆಗೆ ಬಂತು. ಆಂಧ್ರಪ್ರದೇಶದ ಶ್ರೀಸಿಟಿಯ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಬಂದಾಗ ಅದರ ಬೆಲೆ ಹನ್ನೆರಡೂವರೆ ಲಕ್ಷದ ಆಸುಪಾಸು. 2021ರಲ್ಲಿ ಹೊಸ ಹೊಗೆ ನಿಯಮಕ್ಕೆ ಹೊಂದಿಸಿದ 1.9 ಲೀಟರ್ ಎಂಜಿನಿನೊಡನೆ ಮರಳಿದಾಗ ಇಪ್ಪತ್ತು ಲಕ್ಷದ ಆಸುಪಾಸು. ಎರಡನೆಯದು ಟೊಯೋಟ ಹೈಲಕ್ಸ್. 1968ರಿಂದ ಲೋಕದ ಹಲವು ದೇಶಗಳ ಹೊಲ, ಮರುಭೂಮಿ, ಗಣಿಗಳಲ್ಲಿ ದುಡಿದು ಹೆಸರು ಮಾಡಿದ ಈ ಪಿಕಪ್ ಭಾರತಕ್ಕೆ ಬಂದದ್ದು 2022ರಲ್ಲಿ; ಜೋಡಣೆ ನಡೆಯುವುದು ಬೆಂಗಳೂರಿನ ಬಳಿಯ ಬಿಡದಿಯಲ್ಲಿ. 2.8 ಲೀಟರಿನ ಡೀಸೆಲ್ ಎಂಜಿನು, 204 ಅಶ್ವಶಕ್ತಿ, ಕೈಗೇರಿನಲ್ಲಿ 420 ಮತ್ತು ಸ್ವಯಂಚಾಲಿತ ಗೇರಿನಲ್ಲಿ 500 ನ್ಯೂಟನ್ ಮೀಟರ್ ತಿರುಗುಬಲ. ಫಾರ್ಚೂನರ್ ಎಂಬ ದೊಡ್ಡ ಕಾರಿನಲ್ಲಿರುವುದೂ ಇದೇ ಎಂಜಿನು. ಉಕ್ಕಿನ ಏಣಿಯಂಥ ಚೌಕಟ್ಟು, ಹಿಂದೆ ಪಟ್ಟಿ ಸ್ಪ್ರಿಂಗು, ಕಡಿದಾದ ಏರಿಗೆಂದೇ ನಿಧಾನಗತಿಯ ಪ್ರತ್ಯೇಕ ಗೇರು, ಹಿಂದಿನ ಎರಡು ಚಕ್ರಗಳು ಒಟ್ಟಿಗೇ ತಿರುಗುವಂತೆ ಬಿಗಿಯುವ ಬೀಗ ಇವೆಲ್ಲ ಇವೆ. ಬಂಡಿಯ ಸಾಮರ್ಥ್ಯದ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ. ಪ್ರಶ್ನೆಯಿರುವುದು ಆ ಸಾಮರ್ಥ್ಯದಲ್ಲಿ ಎಷ್ಟು ಪಾಲು ಈ ಮನೆಗೆ ಬೇಕು ಎಂಬಲ್ಲಿ.

ಬೆಲೆಯ ಲೆಕ್ಕಕ್ಕೆ ಕುಳಿತವಳು ಮಗಳು. ಮಳಿಗೆಯವರ ಮಾತು ಮಲಯಾಳದಲ್ಲಿತ್ತು, ಕೊಟ್ಟ ಬಣ್ಣದ ಪುಸ್ತಿಕೆ ಇಂಗ್ಲಿಷಿನಲ್ಲಿತ್ತು. ಲೆಕ್ಕ ಮಾತ್ರ ಹಳೆಯ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಕನ್ನಡದಲ್ಲಿ ನಡೆಯಿತು. 2022ರಲ್ಲಿ ಹೈಲಕ್ಸಿನ ಆರಂಭದ ಬೆಲೆ 33.99 ಲಕ್ಷ ರೂಪಾಯಿ. ಮರುವರ್ಷ ಅದನ್ನು 30.40 ಲಕ್ಷಕ್ಕೆ ಇಳಿಸಲಾಯಿತು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. "ಹತ್ತು ಶೇಕಡ ಕಡಿಮೆಯಾಯಿತಲ್ಲ, ಮೂರು ಲಕ್ಷದ ನಾಲ್ಕು ಸಾವಿರ ಉಳಿಯಿತು" ಎಂದು ತಂದೆ ಬಾಯಿಲೆಕ್ಕ ಹಾಕಿದ. ಮಗಳು ತಲೆಯಾಡಿಸಿದಳು. ಶೇ. 28 ಎಂಬುದು 30.40 ಲಕ್ಷದ ಮೇಲೆ ಕೂಡಿಸಿದ್ದಲ್ಲ, ಅದರೊಳಗೇ ಸೇರಿಕೊಂಡಿರುವುದು. 30.40ನ್ನು 1.28ರಿಂದ ಭಾಗಿಸಿದರೆ ತೆರಿಗೆಯಿಲ್ಲದ ಮೂಲಬೆಲೆ 23.75 ಲಕ್ಷ. ಅದಕ್ಕೆ ಶೇ. 18 ಕೂಡಿಸಿದರೆ 28.025 ಲಕ್ಷ. ಉಳಿತಾಯ 2,37,500 ರೂಪಾಯಿ. ಬಾಯಿಲೆಕ್ಕಕ್ಕೂ ಬರಹದ ಲೆಕ್ಕಕ್ಕೂ ನಡುವೆ 66,500 ರೂಪಾಯಿಯ ಅಂತರ. ಹತ್ತನೆಯ ತರಗತಿಗೆ ಮುಂಚೆಯೇ ಮಕ್ಕಳು ಕಲಿಯುವ ಶೇಕಡದ ಪಾಠ ಇದು; ಹಿರಿಯರು ಮಳಿಗೆಯಲ್ಲಿ ಮರೆಯುವ ಪಾಠವೂ ಇದೇ.

ಮಳಿಗೆಯ ಬೆಲೆ ಮನೆಯಂಗಳದ ಬೆಲೆಯಲ್ಲ. ಖಾಸಗಿಯಾಗಿ ನೋಂದಾಯಿಸುವ ದುಬಾರಿ ವಾಹನಗಳ ಮೇಲೆ ಕೇರಳದ ಒಂದಾವರ್ತಿ ತೆರಿಗೆ ಬೆಲೆಯ ಐದನೆಯ ಒಂದು ಭಾಗವನ್ನೂ ಮೀರುತ್ತದೆ. ಐದನೆಯ ಒಂದು ಭಾಗವೆಂದೇ ಹಿಡಿದರೂ ಐದು ಲಕ್ಷದ ಅರುವತ್ತು ಸಾವಿರ. ವಿಮೆ, ನೋಂದಣಿ ಎಲ್ಲ ಸೇರಿದರೆ ಮೊತ್ತ ಮೂವತ್ತೈದು ಲಕ್ಷದ ಸಮೀಪಕ್ಕೆ ಬರುತ್ತದೆ. "ಮಂಗಳೂರಿನಲ್ಲಿ ತೆಗೆದರೆ ತೆರಿಗೆ ಸ್ವಲ್ಪ ಕಡಿಮೆಯಂತೆ" ಎಂಬ ಮಾತು ಗಡಿಯ ಊರುಗಳಲ್ಲಿ ಯಾವಾಗಲೂ ಇದ್ದದ್ದೇ. ಆದರೆ 1988ರ ಮೋಟಾರು ವಾಹನ ಕಾಯಿದೆಯ 40ನೆಯ ಕಲಮಿನಂತೆ ವಾಹನವನ್ನು ನೋಂದಾಯಿಸಬೇಕಾದದ್ದು ಮಾಲಕನ ವಾಸ ಅಥವಾ ವ್ಯವಹಾರ ಇರುವ, ವಾಹನ ಸಾಮಾನ್ಯವಾಗಿ ನಿಲ್ಲುವ ಸ್ಥಳ ಸೇರಿದ ರಾಜ್ಯದಲ್ಲಿ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು 47ನೆಯ ಕಲಮು ಹೇಳುತ್ತದೆ. ಗಡಿಯಾಚೆ ಉಳಿಸಿದ ಹಣ ಗಡಿಯೀಚೆ ದಂಡವಾಗಿ ಹೋಗುವ ಸಾಧ್ಯತೆಯನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಲೇಬೇಕು.

ಮೂವತ್ತೈದು ಲಕ್ಷ ಎಲ್ಲಿಂದ ಬರಬೇಕು? ಸಹಕಾರಿ ಬೇಂಕಿನಲ್ಲಿ ಹದಿನೈದು ಲಕ್ಷದ ಠೇವಣಿಯಿತ್ತು. ಉಳಿದ ಇಪ್ಪತ್ತು ಲಕ್ಷ ಸಾಲ. ವರ್ಷಕ್ಕೆ ಶೇ. 9.5ರ ಬಡ್ಡಿ, ಏಳು ವರ್ಷಗಳ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 32,690 ರೂಪಾಯಿ. ಎಂಬತ್ತನಾಲ್ಕು ಕಂತುಗಳಲ್ಲಿ ಕಟ್ಟುವ ಒಟ್ಟು ಮೊತ್ತ 27.46 ಲಕ್ಷ, ಅದರಲ್ಲಿ ಬಡ್ಡಿಯೇ ಏಳೂವರೆ ಲಕ್ಷದ ಹತ್ತಿರ. ವರ್ಷಕ್ಕೆ 3.92 ಲಕ್ಷ ಕಂತಿಗೆ ಹೋಗುತ್ತದೆ. ಈಗ ತೋಟದ ಕಡೆಗೆ ತಿರುಗಿದರೆ, ಮೂರು ಎಕರೆಗೆ ಮೂವತ್ತು ಕ್ವಿಂಟಾಲು ಒಣ ಅಡಿಕೆ, ಕಿಲೋಗೆ ನಾನ್ನೂರು ರೂಪಾಯಿ ಸಿಕ್ಕಿತೆಂದು ಹಿಡಿದರೆ ಹನ್ನೆರಡು ಲಕ್ಷ. ಕೊಯ್ಲು, ಸುಲಿತ, ಮದ್ದು ಬಿಡುವುದು, ಗೊಬ್ಬರ, ಆಳುಗಳ ಸಂಬಳ ಕಳೆದು ಆರು ಲಕ್ಷ ಉಳಿದರೆ ಅದು ಒಳ್ಳೆಯ ವರ್ಷ. ಆ ಆರರಲ್ಲಿ ಸುಮಾರು ನಾಲ್ಕು ಬಂಡಿಗೆ. ಕೊಳೆರೋಗ ಒಂದು ಮಳೆಗಾಲದಲ್ಲಿ ಅರ್ಧ ಬೆಳೆಯನ್ನು ನೆಲಕ್ಕೆ ಉದುರಿಸಿದರೆ ಕಂತು ಅರ್ಧವಾಗುವುದಿಲ್ಲ.

ಇನ್ನು ಹದಿನೈದು ಲಕ್ಷದ ಠೇವಣಿ. ಅದು ಯಾತಕ್ಕೆಂದು ಇಟ್ಟದ್ದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಗಳು ಲೆಕ್ಕದ ಪುಟದಲ್ಲಿ ಅದನ್ನು 'ಕೈಯಲ್ಲಿರುವ ಹಣ' ಎಂದಷ್ಟೇ ಬರೆದಳು. ಆ ಹಣ ಇಬ್ಬರು ಮಕ್ಕಳ ಕಾಲೇಜಿಗೆಂದು ಕಟ್ಟಿಟ್ಟದ್ದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳ ಪ್ಲಸ್ ಟು ಮುಗಿಯುವುದು ಬರುವ ಮಾರ್ಚಿಗೆ ಎಂಬುದೂ ಗೊತ್ತಿತ್ತು. ತಾಯಿ ಆ ಸಾಲನ್ನು ಓದಿ, ಪೆನ್ನು ತೆಗೆದುಕೊಂಡು, ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದಳು.

ಬೆಲೆ ಯೋಗ್ಯವೇ ಎಂಬ ಪ್ರಶ್ನೆಗೆ ಉತ್ತರ, ಬಂಡಿಯನ್ನು ಯಾವುದರ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತಾರೆ ಎಂಬುದನ್ನು ಹೊಂದಿಕೊಂಡಿದೆ. ಹೇಗೂ ನಲವತ್ತು ಲಕ್ಷದ ದೊಡ್ಡ ಕಾರನ್ನು ಕೊಳ್ಳಲು ಹೊರಟವರಿಗೆ ಅದೇ ಎಂಜಿನಿನ, ಅದೇ ಗಟ್ಟಿತನದ ಹೈಲಕ್ಸ್ ಅಗ್ಗವೆಂದೇ ತೋರುತ್ತದೆ. ನೂರಾರು ಎಕರೆಯ ಕಾಫಿ ತೋಟದಲ್ಲಿ ದಿನವೂ ಏರಿಳಿಯುವವರಿಗೆ, ರಸ್ತೆಯಿಲ್ಲದೆಡೆಗೆ ಐದು ಜನರನ್ನೂ ಸಲಕರಣೆಗಳನ್ನೂ ಒಟ್ಟಿಗೆ ಒಯ್ಯಬೇಕಾದವರಿಗೆ, ಒಂದೇ ವಾಹನ ವಾರದ ಐದು ದಿನ ದುಡಿದು ಎರಡು ದಿನ ಮದುವೆಮನೆಗೂ ಹೋಗಬೇಕೆನ್ನುವವರಿಗೆ ಅದು ಕೊಟ್ಟ ಹಣಕ್ಕೆ ಕೆಲಸ ಮಾಡಿ ತೋರಿಸುತ್ತದೆ. ಆದರೆ ಹೊರೆ ಹೊರಲೆಂದು ಕೊಳ್ಳುವವರು ಅದನ್ನು ನಿಲ್ಲಿಸಿ ನೋಡಬೇಕಾದದ್ದು ಬೊಲೆರೊ ಕ್ಯಾಂಪರಿನಂಥ ಪಿಕಪ್ಪಿನ ಪಕ್ಕದಲ್ಲಿ. ಬೆಲೆ ಮೂರನೆಯ ಒಂದು ಭಾಗದ ಆಸುಪಾಸು. ಅದರಲ್ಲಿಯೂ ಐವರು ಕೂರಬಹುದು. ನಾಲ್ಕು ಚಕ್ರಕ್ಕೂ ಬಲ ಹರಿಯುವ ಮಾದರಿಯೂ ಇದೆ. ಹೊರುವ ಭಾರ ಒಂದು ಟನ್ನಿನ ಆಸುಪಾಸು. ಹೈಲಕ್ಸ್ ಹೊರುವುದು ಅರ್ಧ ಟನ್ನಿಗೂ ಕಡಿಮೆ.

ಈ ಅಂಕಿ ಕೇಳಿ ಮಗ ನಂಬಲಿಲ್ಲ. ಬಂಡಿ ಅಷ್ಟು ದೊಡ್ಡದು, ಎಂಜಿನು ಅಷ್ಟು ಬಲದ್ದು, ಹೊರೆ ಮಾತ್ರ ಅರ್ಧವೇ? ಉತ್ತರ ನೋಂದಣಿ ಪತ್ರದಲ್ಲಿಯೇ ಸಿಗುತ್ತದೆ. ಯಾವ ವಾಹನದ ಪತ್ರದಲ್ಲಿಯೂ ಎರಡು ತೂಕಗಳಿರುತ್ತವೆ: ಖಾಲಿ ವಾಹನದ್ದು ಮತ್ತು ಹೊರೆ ಸಹಿತ ಗರಿಷ್ಠ ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಸಿಗುವುದೇ ಕಾಯಿದೆ ಒಪ್ಪುವ ಹೊರೆ, ಕುಳಿತವರ ತೂಕವೂ ಅದರಲ್ಲೇ ಸೇರಿ. ಮೆತ್ತನೆಯ ಆಸನ, ಗಾಳಿಚೀಲಗಳು, ದೊಡ್ಡ ಎಂಜಿನು, ನಾಲ್ಕು ಚಕ್ರಕ್ಕೆ ಬಲ ಹಂಚುವ ಗೇರುಪೆಟ್ಟಿಗೆ ಇವೆಲ್ಲ ಸೇರಿ ಖಾಲಿ ಬಂಡಿಯೇ ಎರಡು ಟನ್ನು ದಾಟಿರುವಾಗ ಹೊರೆಗೆ ಉಳಿಯುವ ಪಾಲು ಸಣ್ಣದಾಗುವುದು ಸಹಜ. ಗೋಣಿಯೊಂದಕ್ಕೆ 65 ಕಿಲೋ ಎಂದಿಟ್ಟುಕೊಂಡರೆ ಮೂವತ್ತು ಕ್ವಿಂಟಾಲು ಅಡಿಕೆ ಸುಮಾರು 46 ಗೋಣಿ. ಅರ್ಧ ಟನ್ನಿನಲ್ಲಿ ಇಬ್ಬರ ತೂಕ 130 ಕಿಲೋ ಕಳೆದರೆ ಉಳಿಯುವ 370 ಕಿಲೋಗೆ ಐದು ಗೋಣಿ. ಇಡೀ ಬೆಳೆ ಪೇಟೆಗೆ ಹೋಗಲು ಹತ್ತು ಸಲ ಓಡಬೇಕು. ಒಂದು ಟನ್ನಿನ ಪಿಕಪ್ಪಿನಲ್ಲಿ ಹದಿಮೂರು ಗೋಣಿ. ನಾಲ್ಕು ಸಲ ಸಾಕು. ಬೆಲೆ ಮೂರು ಪಟ್ಟು, ಹೊರೆ ಅರ್ಧ ಎಂಬ ಈ ತಲೆಕೆಳಗಾದ ಲೆಕ್ಕವನ್ನು ಯಾವ ಜಾಹೀರಾತೂ ತೋರಿಸುವುದಿಲ್ಲ.

ಅಗ್ಗದ ಪಿಕಪ್ಪಿಗೂ ಅದರದ್ದೇ ತೊಡಕುಗಳಿವೆ. ಅದು ಸಾಮಾನ್ಯವಾಗಿ ಸರಕು ವಾಹನವಾಗಿ, ಹಳದಿ ಫಲಕದಲ್ಲಿ ನೋಂದಣಿಯಾಗುತ್ತದೆ. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷವೂ ಕ್ಷಮತಾ ಪರೀಕ್ಷೆಗೆ ಒಯ್ಯಬೇಕು. ಹೊರೆ ಸಹಿತ ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರವಾನಿಗೆಯಿಂದ ವಿನಾಯಿತಿಯಿದೆ. ಕಾರಿನ ಲೈಸನ್ಸು ಸಾಲದೆಂಬ ಹಳೆಯ ಗೊಂದಲವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರ ತೀರ್ಪಿನಲ್ಲಿ ಬಗೆಹರಿಸಿದೆ. ಲಘು ವಾಹನದ ಲೈಸನ್ಸು ಇದ್ದವರು 7,500 ಕಿಲೋ ಒಳಗಿನ ಸಾಗಾಟ ವಾಹನವನ್ನೂ ಚಲಾಯಿಸಬಹುದು. ಖಾಸಗಿಯಾಗಿ ನೋಂದಾಯಿಸಿದ ಬಿಳಿ ಫಲಕದ ಪಿಕಪ್ಪಿಗೆ ಈ ಪರೀಕ್ಷೆಗಳ ಕಾಟವಿಲ್ಲ. ನೋಂದಣಿ ಹದಿನೈದು ವರ್ಷ ನಡೆಯುತ್ತದೆ. ಆದರೆ ಅದರಲ್ಲಿ ನೆರೆಯವರ ಅಡಿಕೆಯನ್ನು ಬಾಡಿಗೆಗೆ ಒಯ್ದು ಕಂತಿಗೆ ನಾಲ್ಕು ಕಾಸು ಸಂಪಾದಿಸುವ ಯೋಚನೆಗೆ ಎಡೆಯಿಲ್ಲ. ಅಂಥ ಓಟದಲ್ಲಿ ಅಪಘಾತವಾದರೆ ವಿಮೆಯ ಹಣವೂ ಕೈಗೆ ಬಾರದೆ ಹೋಗಬಹುದು.

ಕೊಂಡ ಮೇಲೆ ಬೆಲೆ ಹೇಗೆ ಇಳಿಯುತ್ತದೆಂಬುದು ಇನ್ನೊಂದು ಲೆಕ್ಕ. ವಿಮೆಯ ಲೆಕ್ಕದಲ್ಲಿ ವಾಹನದ ಮೌಲ್ಯ ಒಂದು ವರ್ಷ ತುಂಬುವ ಹೊತ್ತಿಗೆ ಶೇ. 15, ಮೂರನೆಯ ವರ್ಷದ ಕೊನೆಗೆ ಶೇ. 30, ಐದನೆಯ ವರ್ಷದ ಕೊನೆಗೆ ಶೇ. 50 ಇಳಿದಿರುತ್ತದೆ. 28 ಲಕ್ಷದ ಬಂಡಿ ಐದು ವರ್ಷದಲ್ಲಿ ಕಾಗದದ ಮೇಲೆ 14 ಲಕ್ಷ. ಹೆಸರಾಂತ ಬಂಡಿಗೆ ಸಂತೆಯಲ್ಲಿ ಇದಕ್ಕಿಂತ ಹೆಚ್ಚೇ ಸಿಕ್ಕಬಹುದು. ಆದರೂ ಕಟ್ಟಿದ ತೆರಿಗೆ ಈ ಮೌಲ್ಯದಲ್ಲಿ ಸೇರುವುದಿಲ್ಲ. ಡೀಸೆಲಿನ ಖರ್ಚು ಇದರ ಎದುರು ಚಿಕ್ಕದು. ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರು ಓಡಿ, ಒಂದು ಬಂಡಿ ಲೀಟರಿಗೆ ಹನ್ನೊಂದು, ಇನ್ನೊಂದು ಹದಿನಾಲ್ಕು ಕಿಲೋಮೀಟರು ಕೊಟ್ಟರೆ ಎರಡರ ನಡುವಿನ ಅಂತರ ಸುಮಾರು 156 ಲೀಟರು. ಹೆಚ್ಚೆಂದರೆ ಹದಿನೈದು ಸಾವಿರ ರೂಪಾಯಿ. ಮೈಲೇಜಿನ ಚರ್ಚೆಯಲ್ಲಿ ಗಂಟೆಗಟ್ಟಲೆ ಕಳೆಯುವ ಕುಟುಂಬಗಳು ಸವಕಳಿಯ ಸಾಲಿಗೆ ಒಂದು ನಿಮಿಷವನ್ನೂ ಕೊಡದಿರುವುದು ವಿಚಿತ್ರ.

ಹೀಗೆ ಪುಟ ತುಂಬಿದರೂ ಆಟಿಯ ರಾತ್ರಿ ಹಾಗೆಯೇ ಉಳಿದಿತ್ತು. ಅಜ್ಜಿಯ ಜೀವದ ಪ್ರಶ್ನೆ ಬಂದಾಗ ಗೋಣಿಯ ಲೆಕ್ಕ ಯಾರಿಗೆ ಬೇಕು? ತಂದೆಯ ಮನಸ್ಸಿನಲ್ಲಿದ್ದದ್ದೂ ಅದೇ. ಆದುದರಿಂದ ಆ ರಾತ್ರಿಯನ್ನೇ ಮತ್ತೊಮ್ಮೆ ನೋಡಬೇಕಾಯಿತು. ನಾಲ್ಕು ಚಕ್ರಕ್ಕೂ ಬಲ ಹರಿದರೆ ಏರು ಹತ್ತುವುದು ಸುಲಭವಾಗುತ್ತದೆ, ನಿಜ. ಒಂದು ಚಕ್ರ ಜಾರಿದರೆ ಉಳಿದವು ಎಳೆಯುತ್ತವೆ. ಆದರೆ ನೆಲವನ್ನು ಹಿಡಿಯುವುದು ಟಯರು. ಎಂಜಿನು ಎಷ್ಟೇ ಬಲದ್ದಾದರೂ ಪಾಚಿಯ ಮೇಲೆ ಟಯರು ಹಿಡಿಯದಿದ್ದರೆ ಆ ಬಲ ಚಕ್ರವನ್ನು ನಿಂತಲ್ಲೇ ತಿರುಗಿಸುತ್ತದೆ. ಪಿಕಪ್ಪಿನ ಹಿಂಭಾಗ ಖಾಲಿಯಿದ್ದಾಗ ಹಿಂದಿನ ಚಕ್ರಗಳ ಮೇಲೆ ಭಾರ ಕಡಿಮೆ, ಹಿಡಿತವೂ ಕಡಿಮೆ. ಇಳಿಯುವಾಗಲಂತೂ ನಿಲ್ಲಿಸುವ ಕೆಲಸ ಬ್ರೇಕಿನದ್ದು ಮತ್ತು ಟಯರಿನದ್ದು. ರೋಗಿಯನ್ನು ಕೂರಿಸಿಕೊಂಡು ಹೋಗಬೇಕಾದದ್ದು ಇಳಿಜಾರಿನಲ್ಲಿ. 700 ಮಿಲಿಮೀಟರು ಆಳದ ನೀರಿನಲ್ಲಿ ಸಾಗಬಲ್ಲದೆಂದು ಹೈಲಕ್ಸಿನ ಬಗ್ಗೆ ಹೇಳುತ್ತಾರೆ. ಅದು ನಿಂತ ನೀರಿನ ಮಾತು. ಮಳೆಗಾಲದ ತೋಡಿನಲ್ಲಿ ರಭಸವಾಗಿ ಹರಿಯುವ ನೀರು ಅರುವತ್ತು ಸೆಂಟಿಮೀಟರು ಏರಿದರೂ ದೊಡ್ಡ ವಾಹನವನ್ನೇ ಎತ್ತಿ ಒಯ್ಯಬಲ್ಲದು.

ಬಂಡಿಯ ಗಾತ್ರವನ್ನು ಅಳೆದವನು ಮಗ. ಉದ್ದ 5.3 ಮೀಟರಿಗೂ ತುಸು ಹೆಚ್ಚು, ಅಗಲ 1.85 ಮೀಟರು. ಎರಡು ಬರೆಗಳ ನಡುವಿನ ತಿರುವಿನಲ್ಲಿ ಆತ ಕೋಲು ಹಿಡಿದು ಅಳತೆ ಮಾಡಿದ. ಒಂದೇ ಸಲಕ್ಕೆ ತಿರುಗದು, ಹಿಂದೆ ಮುಂದೆ ಮಾಡಬೇಕು ಎಂದು ಗೊತ್ತಾಯಿತು. ಅಂಗಳದಲ್ಲಿ ಅಡಿಕೆ ಹರವಿದ ತಿಂಗಳುಗಳಲ್ಲಿ ಅದನ್ನು ನಿಲ್ಲಿಸಲು ಜಾಗವೂ ಇಲ್ಲ. ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಅಜ್ಜಿ ಪುಸ್ತಿಕೆಯ ಚಿತ್ರವನ್ನು ಕೈಗೆತ್ತಿಕೊಂಡು ನೋಡಿದರು. "ಇದು ಎಷ್ಟು ಎತ್ತರ ಮಗಾ! ನನಗೆ ಹತ್ತಲಿಕ್ಕೆ ಏಣಿ ಬೇಕಾದೀತು. ಕುರ್ಚಿಯೇ ಸುಖ" ಎಂದರು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಆ ಮಾತಿನೊಳಗಿನ ಸತ್ಯ ಉಳಿಯಿತು. ನೆಲದಿಂದ ಎತ್ತರವಾಗಿರುವುದೇ ಇಂಥ ಬಂಡಿಯ ಗುಣ. ಮಂಡಿನೋವಿನ ಮುದುಕಿಗೆ ಅದೇ ಅದರ ದೋಷ.

ಕೊನೆಗೆ ಲೆಕ್ಕ ದಾರಿಯ ಕಡೆಗೆ ತಿರುಗಿತು. ಮನೆಯಿಂದ ಡಾಮರು ರಸ್ತೆಯವರೆಗಿನ 120 ಮೀಟರಿನಲ್ಲಿ ಏರು ಎಷ್ಟು? ಮೇಸ್ತ್ರಿಯ ಜತೆ ಸೇರಿ ಮಕ್ಕಳಿಬ್ಬರೂ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ಹಿಡಿದು ನೋಡಿದರು: ಇಪ್ಪತ್ತು ಮೀಟರು. ಆರು ಮೀಟರು ಸಾಗಿದರೆ ಒಂದು ಮೀಟರು ಏರು. ಕಡಿದೇ ಸರಿ, ಆದರೆ ಕಾಂಕ್ರೀಟಿನ ಮೇಲೆ ಸಣ್ಣ ಕಾರೂ ಹತ್ತಬಹುದಾದ ಏರು. ದಾರಿಯ ಪೂರ್ತಿ ಅಗಲಕ್ಕೆ ಕಾಂಕ್ರೀಟು ಹಾಕಬೇಕೆಂದಿಲ್ಲ. ಚಕ್ರ ಹೋಗುವಲ್ಲಿ ಎರಡು ಪಟ್ಟಿಗಳು ಸಾಕು. ತಲಾ 60 ಸೆಂಟಿಮೀಟರು ಅಗಲ, ನಡುವೆ 85 ಸೆಂಟಿಮೀಟರು ತೆರವು, ದಪ್ಪ 15 ಸೆಂಟಿಮೀಟರು. ಎರಡು ಪಟ್ಟಿಗಳ ಗಾತ್ರ 2 × 120 × 0.60 × 0.15, ಅಂದರೆ 21.6 ಘನ ಮೀಟರು. ಕೆಲಸ, ಸಾಮಾನು ಸೇರಿ ಘನ ಮೀಟರಿಗೆ ಒಂಬತ್ತು ಸಾವಿರ ರೂಪಾಯಿ ಎಂದು ಹಿಡಿದರೆ 1,94,400 ರೂಪಾಯಿ. ಜಿಎಸ್‌ಟಿ ಇಳಿದದ್ದರಿಂದ ಬಂಡಿಯ ಮೇಲೆ ಉಳಿಯುತ್ತಿದ್ದ ಹಣಕ್ಕಿಂತಲೂ ಇದು ಕಡಿಮೆ.

ಪಟ್ಟಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯದು. ಗುಡ್ಡದಿಂದ ಇಳಿಯುವ ನೀರಿಗೆ ದಾರಿಯ ಮೇಲ್ಬದಿಯಲ್ಲಿ ಕಣಿ ತೆಗೆಯಬೇಕು. ಇಲ್ಲವಾದರೆ ಪಟ್ಟಿಯ ಅಡಿಯ ಮಣ್ಣು ತೊಳೆದುಹೋಗಿ ಎರಡನೆಯ ಮಳೆಗಾಲಕ್ಕೆ ಬಿರುಕು ಬೀಳುತ್ತದೆ. ಕಾಂಕ್ರೀಟು ಹಸಿಯಿರುವಾಗಲೇ ಅಡ್ಡಗೆರೆ ಎಳೆದರೆ ಟಯರಿಗೆ ಹಿಡಿತ ಸಿಗುತ್ತದೆ. ಕೆಲವು ಮೀಟರುಗಳಿಗೊಮ್ಮೆ ಸಂದು ಬಿಡಬೇಕು. ಹಾಕಿದ ಮೇಲೆ ಕನಿಷ್ಠ ಒಂದು ವಾರ, ಸಾಧ್ಯವಾದರೆ ಎರಡು ವಾರ, ಒದ್ದೆ ಗೋಣಿ ಹಾಸಿ ನೀರು ಕೊಡಬೇಕು. ಅಷ್ಟು ದಿನ ವಾಹನ ಹತ್ತಿಸಬಾರದು. ಹಿಂಗಾರು ಮುಗಿದು ಬೇಸಿಗೆಯ ನೀರಿನ ಬರ ಹತ್ತುವ ಮೊದಲಿನ ಡಿಸೆಂಬರ್, ಜನವರಿ ಇದಕ್ಕೆ ತಕ್ಕ ಕಾಲ.

ಲೆಕ್ಕದ ಕೊನೆಯ ಸಾಲನ್ನು ಬರೆದವಳು ತಾಯಿ. ಆ ದಾರಿಯ ತುದಿಯಲ್ಲಿ ಇರುವುದು ಒಂದೇ ಮನೆಯಲ್ಲ, ಮೂರು. ಆಟಿಯ ರಾತ್ರಿ ಕುರ್ಚಿಗೆ ಹೆಗಲು ಕೊಟ್ಟ ನಾಲ್ವರಲ್ಲಿ ಇಬ್ಬರು ಉಳಿದೆರಡು ಮನೆಗಳವರು. ಅವರ ಮನೆಯಲ್ಲಿಯೂ ವಯಸ್ಸಾದವರಿದ್ದಾರೆ. ಒಂದು ಮನೆಯಲ್ಲಿ ಬಾಣಂತಿಯಿದ್ದಾಳೆ. ಈ ಮನೆಯವರು ಬಂಡಿ ಕೊಂಡರೆ ಆ ಎರಡು ಮನೆಗಳವರು ಇರುಳಲ್ಲಿ ಇವರ ಬಾಗಿಲು ತಟ್ಟಬೇಕು. ದಾರಿ ಆದರೆ ಯಾರ ಜೀಪು, ಯಾವ ಆಂಬುಲೆನ್ಸು ಬೇಕಾದರೂ ಯಾರ ಅಂಗಳಕ್ಕೂ ಬರುತ್ತದೆ. ಮೂವರು ಹಂಚಿಕೊಂಡರೆ ಮನೆಯೊಂದಕ್ಕೆ 64,800 ರೂಪಾಯಿ. "ಅವರು ಕೊಡಲಿಕ್ಕೆ ಒಪ್ಪುತ್ತಾರಾ?" ಎಂದು ತಂದೆ ಕೇಳಿದ. "ಕೇಳಿ ನೋಡಿ. ಅಂದು ಹೊರಲಿಕ್ಕೆ ನಾವು ಕೇಳಿಯೇ ಇರಲಿಲ್ಲ, ಅವರೇ ಬಂದದ್ದು" ಎಂದಳು ತಾಯಿ.

ಒಂದು ಮನೆಯವರು ಆ ಸಂಜೆಯೇ ಒಪ್ಪಿದರು. ಇನ್ನೊಂದು ಮನೆಯವರಿಗೆ ಕೈಯಲ್ಲಿ ಅಷ್ಟು ಹಣವಿರಲಿಲ್ಲ; ಹದಿನೈದು ದಿನದ ಕೆಲಸಕ್ಕೆ ಆಳಾಗಿ ಬರುತ್ತೇವೆ, ಉಳಿದದ್ದನ್ನು ಅಡಿಕೆ ಕೊಟ್ಟ ಮೇಲೆ ಸೇರಿಸುತ್ತೇವೆ ಎಂದರು. ಅಡಿಕೆ ಮತ್ತು ಗೊಬ್ಬರದ ಹೊರೆಗೆ ಎಂದಿನಂತೆ ಬಾಡಿಗೆಯ ಪಿಕಪ್ಪು. ವರ್ಷಕ್ಕೆ ಇಪ್ಪತ್ತನಾಲ್ಕು ಓಟ, ಓಟಕ್ಕೆ 1,500 ರೂಪಾಯಿ ಎಂದರೂ 36,000. ಇಡೀ ವರ್ಷದ ಬಾಡಿಗೆ ಆ ಬಂಡಿಯ ಒಂದು ತಿಂಗಳ ಕಂತಿಗಿಂತ ತುಸುವೇ ಹೆಚ್ಚು. ಠೇವಣಿ ಬೇಂಕಿನಲ್ಲೇ ಉಳಿಯಿತು. ಹಳೆಯ ಕಾರು ಈ ಬೇಸಿಗೆಗೆ ಮೊದಲ ಸಲ ಅಂಗಳ ನೋಡಲಿದೆ.

ಆಸೆ ಅಳಿಯಿತೆಂದು ಹೇಳಲಾಗದು. ಬಣ್ಣದ ಪುಸ್ತಿಕೆ ಈಗಲೂ ಕಪಾಟಿನಲ್ಲಿ ಪಂಚಾಂಗದ ಅಡಿಯಲ್ಲಿದೆ. ಪೇಟೆಗೆ ಹೋದಾಗ ಅಂಥ ಬಂಡಿ ಎದುರಾದರೆ ಯಜಮಾನನ ಕಣ್ಣು ತಿರುವಿನವರೆಗೂ ಅದರ ಹಿಂದೆ ಹೋಗುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಒಳ್ಳೆಯ ಯಂತ್ರವನ್ನು ಮೆಚ್ಚುವುದಕ್ಕೆ ತೆರಿಗೆಯಿಲ್ಲ. ಮಗಳು ಕಾಲೇಜು ಮುಗಿಸಿ, ತೋಟ ಆರು ಎಕರೆಯಾಗಿ, ಸಾಲವಿಲ್ಲದೆ ಕೊಳ್ಳುವ ಕಾಲ ಬಂದರೆ ಅದೇ ನೋಟುಬುಕ್ಕಿನಲ್ಲಿ ಮತ್ತೊಂದು ಪುಟ ತೆರೆಯಬಹುದು.

ಮನೆಯಲ್ಲಿ ಮಕ್ಕಳೊಡನೆ ಮಾಡಲು ಈ ವಾರದ ಲೆಕ್ಕ: ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇರುವ ಯಾವುದಾದರೂ ವಾಹನದ ನೋಂದಣಿ ಪತ್ರವನ್ನು ಹಿರಿಯರಿಂದ ಕೇಳಿ ಪಡೆಯಿರಿ. ಖಾಲಿ ತೂಕ ಎಷ್ಟು, ಹೊರೆ ಸಹಿತ ತೂಕ ಎಷ್ಟು? ವ್ಯತ್ಯಾಸದಿಂದ ಮನೆಮಂದಿಯ ತೂಕವನ್ನು ಕಳೆಯಿರಿ. ಉಳಿದದ್ದರಲ್ಲಿ 65 ಕಿಲೋದ ಎಷ್ಟು ಗೋಣಿ ಹಿಡಿಯುತ್ತದೆ? ಆಮೇಲೆ, ಮನೆಯಿಂದ ಡಾಮರು ರಸ್ತೆಯವರೆಗೆ ಎಷ್ಟು ಮೀಟರು, ಆ ದಾರಿಯಲ್ಲಿ ಎಷ್ಟು ಮನೆಗಳು ಎಂಬುದನ್ನೂ ನಡೆದು ಎಣಿಸಿ ಬರೆಯಿರಿ.